ಕವೆಂಟ್ರಿಯಲ್ಲಿ ಮಗನಿಗೆ ಸ್ಟೂಡೆಂಟ್ ಬಿಲ್ಡಿಂಗ್ ರೂಮ್: 51 ವಾರದ ಕರಾರಿಗೆ ಈಗಲೇ ದುಡ್ಡು ಕಟ್ಟಬೇಕಾ?

ದಾವಣಗೆರೆಯ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಎಂಎಸ್ಸಿ ಸೀಟು ಸಿಕ್ಕಿದೆ. ಸೆಪ್ಟೆಂಬರಿನಲ್ಲಿ ಶುರು. ವೀಸಾ ಇನ್ನೂ ಬಂದಿಲ್ಲ. ಯೂನಿವರ್ಸಿಟಿಯ ಹಾಸ್ಟೆಲ್ ಭರ್ತಿ ಆಗಿದೆಯಂತೆ. ರೂಮ್ ಹುಡುಕಿಕೊಡುವ ಏಜೆನ್ಸಿಯ ಹುಡುಗ ಒಂದು ಖಾಸಗಿ ಕಂಪನಿಯ ಬಿಲ್ಡಿಂಗ್ ಲಿಂಕ್ ಕಳಿಸಿದ್ದಾನೆ. ವಿದ್ಯಾರ್ಥಿಗಳಿಗೆ ಅಂತಲೇ ಕಟ್ಟಿಸಿದ್ದಂತೆ, ಬೇರೆ ಬೇರೆ ದೇಶಗಳಲ್ಲೂ ಅವರದ್ದು ಇದೆಯಂತೆ. ಫೋಟೊದಲ್ಲಿ ಜಿಮ್, ಸಿನಿಮಾ ರೂಮ್, ಓದುವ ಕೋಣೆ ಎಲ್ಲಾ ಇದೆ. ಸ್ಟುಡಿಯೊ ರೂಮಿಗೆ, ಅಂದರೆ ಮಲಗುವುದು, ಅಡುಗೆ ಎಲ್ಲಾ ಒಂದೇ ಕೋಣೆಯಲ್ಲಿ ಇರುವುದಕ್ಕೆ, ವಾರಕ್ಕೆ 225 ಪೌಂಡ್, 51 ವಾರ. "ಇವತ್ತೇ ಕಟ್ಟಿ ಆಂಟಿ, ನಾಳೆ ರೇಟ್ ಜಾಸ್ತಿ ಆಗುತ್ತದೆ" ಅಂತ ದಿನಕ್ಕೆ ಎರಡು ಸಲ ಫೋನ್ ಮಾಡುತ್ತಾನೆ.

ನಮ್ಮದು ಎಜುಕೇಶನ್ ಲೋನ್, ಮನೆ ಅಡ ಇಟ್ಟು ತೆಗೆದಿದ್ದು. ಹಾಗಾಗಿ ಹೆದರಿಕೆ. ಇದು ನಮ್ಮ ಬೆಂಗಳೂರಿನ ಪಿಜಿ ಥರಾನಾ? ಸರಿ ಹೋಗದಿದ್ದರೆ ಒಂದು ತಿಂಗಳು ಮೊದಲೇ ಹೇಳಿ ಬಿಡಬಹುದಾ? ವೀಸಾ ಸಿಗದಿದ್ದರೆ ದುಡ್ಡು ವಾಪಸ್ ಬರುತ್ತದಾ? ಅಥವಾ ಸುಮ್ನೆ ನಾಲ್ಕು ಹುಡುಗರ ಜೊತೆ ಮನೆ ಮಾಡಿಕೊಳ್ಳಲಿ ಅಂತ ಬಿಡೋದಾ? ಅವನು ಪಕ್ಕಾ ಸಸ್ಯಾಹಾರಿ, ಅಡುಗೆ ಮಾಡಿಕೊಳ್ಳಲೇಬೇಕು. ದಯವಿಟ್ಟು ಅಲ್ಲಿ ಇದ್ದವರು ಹೇಳಿ.

ಮಲೆನಾಡಿಗ_ಯುಕೆ

ಅಮ್ಮಾ, ಮೊದಲು ಒಂದು ಮಾತು. ಇವತ್ತು ದುಡ್ಡು ಕಟ್ಟಬೇಡಿ. ಎರಡು ದಿನ ತಡ ಆದರೆ ಏನೂ ಆಗುವುದಿಲ್ಲ. ಆ ಹುಡುಗನಿಗೆ ನಿಮ್ಮ ಬುಕಿಂಗ್ ಮೇಲೆ ಬಿಲ್ಡಿಂಗ್ ಕಂಪನಿಯಿಂದ ಕಮಿಷನ್ ಬರುತ್ತದೆ, ಅದಕ್ಕೇ ಅವಸರ. ಅದು ತಪ್ಪಲ್ಲ, ಅವನ ಕೆಲಸ. ಆದರೆ ಅವನ ಅವಸರ ನಿಮ್ಮದಾಗಬೇಕಿಲ್ಲ.

ನಾನು ಓದುವಾಗ ಇಂಥದ್ದೇ ಬಿಲ್ಡಿಂಗಿನಲ್ಲಿ ಇದ್ದೆ. ಆಮೇಲೆ ಎರಡು ವರ್ಷ ಇನ್ನೊಂದು ಬಿಲ್ಡಿಂಗಿನ ರಿಸೆಪ್ಷನ್‌ನಲ್ಲಿ ಕೆಲಸ ಮಾಡಿದೆ. ಎರಡೂ ಕಡೆ ನೋಡಿದ್ದೀನಿ, ಅದಕ್ಕೇ ಹೇಳುತ್ತಿದ್ದೀನಿ. ಇದು ಪಿಜಿ ಅಲ್ಲ. ಇಲ್ಲಿ ನೀವು ರೂಮ್ ಬಾಡಿಗೆ ಹಿಡಿಯುವುದಕ್ಕಿಂತ ಮೊದಲು 51 ವಾರದ ಕರಾರಿಗೆ ಸಹಿ ಹಾಕುತ್ತೀರಿ. ಮೂರನೇ ತಿಂಗಳಿಗೆ ರೂಮ್ ಇಷ್ಟ ಆಗಲಿಲ್ಲ, ಗೆಳೆಯರ ಜೊತೆ ಹೋಗುತ್ತೀನಿ ಅಂದರೆ, ಖಾಲಿ ಮಾಡಬಹುದು, ಆದರೆ ಬಾಡಿಗೆ ಕೊನೆಯ ವಾರದ ತನಕ ನಿಮ್ಮದೇ. ನಿಮ್ಮ ಜಾಗಕ್ಕೆ ಇನ್ನೊಬ್ಬ ಫುಲ್ ಟೈಮ್ ವಿದ್ಯಾರ್ಥಿಯನ್ನು ನೀವೇ ಹುಡುಕಿ ತಂದು, ಅವನು ಹೊಸದಾಗಿ ಸಹಿ ಹಾಕಿದರೆ ಮಾತ್ರ ಬಿಡುಗಡೆ. ರಿಸೆಪ್ಷನ್‌ನಲ್ಲಿ ಕೂತು ನಾನು ಈ ಮಾತನ್ನು ಎಷ್ಟೋ ಹುಡುಗರಿಗೆ ಹೇಳಬೇಕಾಯಿತು. ಅವರ ಮುಖ ಈಗಲೂ ನೆನಪಿದೆ. ಬಹಳಷ್ಟು ಜನ ಆ ಕರಾರನ್ನು ಫೋನಿನಲ್ಲಿ ಜಾರಿಸಿ ಜಾರಿಸಿ ಕೊನೆಗೆ ಒಂದು ಟಿಕ್ ಹಾಕಿದವರು.

ಲೆಕ್ಕ ನೋಡಿ. 225ಕ್ಕೆ 51 ವಾರ ಅಂದರೆ 11,475 ಪೌಂಡ್. ಪೌಂಡಿಗೆ 115 ರೂಪಾಯಿ ಹಿಡಿದರೂ 13 ಲಕ್ಷ ದಾಟುತ್ತದೆ. ಅದೇ ಬಿಲ್ಡಿಂಗಿನಲ್ಲಿ ಎನ್‌ಸ್ವೀಟ್ ರೂಮ್ ಇದೆಯಾ ಕೇಳಿ. ರೂಮ್, ಬಾತ್‌ರೂಮ್ ಸ್ವಂತದ್ದು, ಅಡುಗೆಮನೆ ಐದಾರು ಜನರಿಗೆ ಒಂದು. ಬಾಡಿಗೆ ಒಳ್ಳೆ ಕಡಿಮೆ ಇರುತ್ತದೆ. ಜಿಮ್, ಸಿನಿಮಾ ರೂಮ್ ಎಲ್ಲಾ ಎರಡಕ್ಕೂ ಒಂದೇ.

ಇನ್ನೊಂದು. 44 ವಾರದ ಕರಾರು ಕಮ್ಮಿ ದುಡ್ಡಿಗೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಹುಷಾರು. ಅದು ಡಿಗ್ರಿ ಹುಡುಗರಿಗೆ ಸರಿ, ಅವರು ಬೇಸಿಗೆಗೆ ಊರಿಗೆ ಹೋಗುತ್ತಾರೆ. ಎಂಎಸ್ಸಿಯವರಿಗೆ ಹಾಗಲ್ಲ. ಸೆಪ್ಟೆಂಬರ್ ಮಧ್ಯದಲ್ಲಿ ಶುರುವಾದ 44 ವಾರ ಜುಲೈ ಮಧ್ಯಕ್ಕೆ ಮುಗಿಯುತ್ತದೆ. ಆಗ ಡಿಸರ್ಟೇಶನ್, ಅಂದರೆ ಕೊನೆಗೆ ಬರೆಯಬೇಕಾದ ದೊಡ್ಡ ಪ್ರಬಂಧ, ಅರ್ಧ ಆಗಿರುತ್ತದೆ. ಸೂಟ್‌ಕೇಸ್ ಹಿಡಿದುಕೊಂಡು ಆರು ವಾರಕ್ಕೆ ಜಾಗ ಹುಡುಕುವ ಪಾಡು ಬೇಡ.

ಹುಬ್ಬಳ್ಳಿಯವ

ಅಕ್ಕಾರೇ, ನಾನು ಬೇರೆ ಮಾತು ಹೇಳುತ್ತೀನಿ. ಇಷ್ಟು ದುಡ್ಡು ಯಾಕೆ ಸುರಿಯಬೇಕು? ನಾನು ಲೆಸ್ಟರ್‌ನಲ್ಲಿ ಓದಿದೆ. ನಾಲ್ಕು ಜನ ಕೂಡಿ ಮನೆ ಮಾಡಿದೆವು. ವಾರಕ್ಕೆ 95 ಪೌಂಡ್, ಕರೆಂಟು ಗ್ಯಾಸು ಸೇರಿ ಇನ್ನು ಹದಿನೈದು. ಬೆಲ್‌ಗ್ರೇವ್ ರೋಡ್ ಹತ್ತಿರ, ಅಂದರೆ ನಮ್ಮ ದೇಶದ ಅಂಗಡಿಗಳ ಬೀದಿ. ಜೋಳದ ಹಿಟ್ಟು, ತೊಗರಿಬೇಳೆ, ಹಸಿಮೆಣಸಿನಕಾಯಿ, ಏನು ಬೇಕು ಅದು. ಭಾನುವಾರ ಎಲ್ಲರೂ ಸೇರಿ ರೊಟ್ಟಿ ಮಾಡುತ್ತಿದ್ದೆವು. ಆ ವರ್ಷ ನನಗೆ ಮನೆ ನೆನಪಾಗಿ ಅಳು ಬಂದಿದ್ದು ಒಂದೇ ಸಲ. ಕವೆಂಟ್ರಿಯಲ್ಲೂ ಫೋಲ್ಸ್‌ಹಿಲ್ ಕಡೆ ಅಂಥದ್ದೇ ಅಂಗಡಿಗಳಿವೆ. ಆ ಕಡೆ ಮನೆ ನೋಡಿ.

ಮಲೆನಾಡಿಗ_ಯುಕೆ

ಅಣ್ಣಾ, ನೀವು ಹೇಳಿದ್ದು ನಿಜ. ಆದರೆ ನಿಮಗೆ ಮೊದಲೇ ಮೂರು ಜನ ಗೊತ್ತಿದ್ದರು, ಅಲ್ವಾ? ಈ ಅಮ್ಮನ ಮಗ ದಾವಣಗೆರೆಯಿಂದ ಮನೆ ನೋಡುವುದು ಹೇಗೆ? ಮನೆ ಮಾಲೀಕರು ಇಂಗ್ಲೆಂಡಿನಲ್ಲೇ ಇರುವ ಗ್ಯಾರಂಟರ್ ಕೇಳುತ್ತಾರೆ. ಬಾಡಿಗೆ ಬಾಕಿ ಬಿದ್ದರೆ ನಾನು ಕಟ್ಟುತ್ತೀನಿ ಅಂತ ಸಹಿ ಹಾಕುವವರು. ನಮ್ಮ ಹುಡುಗರಿಗೆ ಅಂಥ ಮಾವ, ಚಿಕ್ಕಪ್ಪ ಎಲ್ಲಿಂದ ಬರಬೇಕು? ಮೊದಲೆಲ್ಲಾ ಗ್ಯಾರಂಟರ್ ಇಲ್ಲದಿದ್ದರೆ ಆರು ತಿಂಗಳ ಬಾಡಿಗೆ ಒಟ್ಟಿಗೆ ಕೊಟ್ಟು ಮನೆ ಹಿಡಿಯುತ್ತಿದ್ದರು. ಈಗ ಅದಕ್ಕೂ ದಾರಿ ಮುಚ್ಚಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೀನಿ, ಯಾಕಂದರೆ ಈ ವರ್ಷ ಹೋಗುವವರಿಗೆ ಇದು ಹೊಸದು. ಇಂಗ್ಲೆಂಡಿನಲ್ಲಿ ಬಾಡಿಗೆದಾರರ ಹಕ್ಕಿನ ಹೊಸ ಕಾಯ್ದೆ 2025ರ ಅಕ್ಟೋಬರ್ 27ರಂದು ಪಾಸಾಯಿತು. ಅದರ ದೊಡ್ಡ ಬದಲಾವಣೆಗಳು 2026ರ ಮೇ 1ರಿಂದ ಜಾರಿ. ಮಾಮೂಲಿ ಖಾಸಗಿ ಮನೆಗೆ ಇನ್ನು ಇಷ್ಟೇ ತಿಂಗಳು ಅಂತ ಕಟ್ಟಿಹಾಕುವ ಕರಾರು ಇಲ್ಲ. ಬಾಡಿಗೆದಾರ ಎರಡು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು. ಮಾಲೀಕ ಕರಾರಿಗೆ ಮೊದಲೇ ತಿಂಗಳುಗಟ್ಟಲೆ ಬಾಡಿಗೆ ಮುಂಗಡ ಕೇಳುವ ಹಾಗೂ ಇಲ್ಲ. ಕೇಳೋಕೆ ಒಳ್ಳೆಯದೇ. ಆದರೆ ಮುಂಗಡ ತಗೊಳ್ಳುವ ದಾರಿ ಇಲ್ಲದ ಮೇಲೆ ಮಾಲೀಕ ಗ್ಯಾರಂಟರ್ ಬೇಕೇ ಬೇಕು ಅಂತ ಹಟ ಹಿಡಿದರೆ ಊರಿಂದ ಬರುವ ಹುಡುಗ ಏನು ಮಾಡಬೇಕು?

ವಿದ್ಯಾರ್ಥಿಗಳಿಗೆ ಅಂತ ಕಟ್ಟಿದ ಈ ದೊಡ್ಡ ಬಿಲ್ಡಿಂಗುಗಳು, ಸರ್ಕಾರ ಒಪ್ಪಿದ ಕೋಡ್‌ಗೆ (ಬಿಲ್ಡಿಂಗ್ ನಡೆಸುವವರು ಪಾಲಿಸಬೇಕಾದ ನಿಯಮಗಳು, ನ್ಯಾಷನಲ್ ಕೋಡ್ ಅಂತ ಇದೆ) ಸೇರಿದ್ದರೆ, ಆ ಕಾಯ್ದೆಯ ಈ ನಿಯಮಗಳಿಂದ ಹೊರಗೆ. ಅಂದರೆ ಇಲ್ಲಿ ಹಳೆಯ ಪದ್ಧತಿಯೇ. ಮುಂಗಡ ತಗೊಳ್ಳಬಹುದು, 51 ವಾರ ಅಂದರೆ 51 ವಾರ. ಪೇಪರಿನಲ್ಲಿ "ಬಾಡಿಗೆದಾರರು ಎರಡು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು" ಅಂತ ಓದಿಕೊಂಡು ಬಂದು ಬಿಲ್ಡಿಂಗಿನ ರಿಸೆಪ್ಷನ್‌ನಲ್ಲಿ ಜಗಳ ಆಡಿ ಪ್ರಯೋಜನ ಇಲ್ಲ.

ಕರಾವಳಿ ಹುಡುಗಿ

ನಾನು ಸ್ಟುಡಿಯೊದಲ್ಲಿ ಇದ್ದೆ, ಕವೆಂಟ್ರಿಯಲ್ಲೇ, ಎರಡು ವರ್ಷದ ಹಿಂದೆ. ಆಂಟಿ, ಅಡುಗೆ ಬಗ್ಗೆ ಕೇಳಿದ್ದೀರಲ್ಲ, ಅದನ್ನು ಹೇಳುತ್ತೀನಿ.

ಸ್ಟುಡಿಯೊ ಅಂದರೆ ಒಂದೇ ಕೋಣೆ. ಈ ಗೋಡೆಗೆ ಮಂಚ, ಆ ಗೋಡೆಗೆ ಎರಡು ಒಲೆಯ ಹಾಬ್, ಸಿಂಕು, ಮೊಣಕಾಲೆತ್ತರದ ಫ್ರಿಜ್. ಮಂಚದ ಮೇಲೆ ಕೂತು ಕೈ ಚಾಚಿದರೆ ಒಲೆ ಸಿಗುತ್ತದೆ. ಕಿಟಕಿ ನಾಲ್ಕು ಬೆರಳು ತೆರೆಯುತ್ತದೆ ಅಷ್ಟೇ, ಯಾರೂ ಬೀಳಬಾರದು ಅಂತ ತಡೆ ಹಾಕಿರುತ್ತಾರೆ. ತಲೆ ಮೇಲೆ ಹೊಗೆ ಅಲಾರಂ. ನಾನು ಬಂದ ಎರಡನೇ ವಾರ, ರಾತ್ರಿ ಹತ್ತೂವರೆ, ಸಾರಿಗೆ ಒಗ್ಗರಣೆ ಹಾಕಿದೆ. ಎಣ್ಣೆ ಚೆನ್ನಾಗಿ ಕಾದಿತ್ತು. ಸಾಸಿವೆ ಚಟಪಟ ಅಂತು, ಬ್ಯಾಡಗಿ ಮೆಣಸು ಹಾಕಿದ್ದೇ ತಡ ಘಾಟು ಎದ್ದಿತು. ಕಿಟಕಿ ಕಡೆ ಓಡುವಷ್ಟರಲ್ಲಿ ಅಲಾರಂ. ನನ್ನ ರೂಮಿಂದು ಮಾತ್ರ ಅಲ್ಲ, ಇಡೀ ಬಿಲ್ಡಿಂಗಿಂದು. ಹನ್ನೊಂದು ಮಹಡಿಯ ಮಕ್ಕಳು ಪೈಜಾಮದಲ್ಲಿ, ಟವೆಲ್ ಸುತ್ತಿಕೊಂಡು ಮೆಟ್ಟಿಲು ಇಳಿದು ಮಳೆಯಲ್ಲಿ ನಿಂತರು. ಫೈರ್ ಇಂಜಿನ್ ಬಂತು. ಯಾರೂ ಬೈಯಲಿಲ್ಲ. ಒಬ್ಬ ಚೀನಾದ ಹುಡುಗಿ ತನ್ನ ಕೋಟು ಬಿಚ್ಚಿ ನನಗೆ ಹೊದಿಸಿದಳು. ಆಮೇಲೆ ಅವಳೇ ನನ್ನ ಒಳ್ಳೆ ಗೆಳತಿ ಆದಳು.

ಐದಾರು ಎನ್‌ಸ್ವೀಟ್ ರೂಮು ಸೇರಿದ್ದಕ್ಕೆ ಕ್ಲಸ್ಟರ್ ಫ್ಲಾಟ್ ಅನ್ನುತ್ತಾರೆ, ಅದರ ಅಡುಗೆಮನೆ ಬೇರೆ ಇರುತ್ತದೆ. ಅಲ್ಲಿ ಸಾಮಾನ್ಯವಾಗಿ ಹೊಗೆ ಅಲಾರಂ ಬದಲು ಬಿಸಿಗೆ ಕೂಗುವ ಅಲಾರಂ ಹಾಕುತ್ತಾರೆ. ದೊಡ್ಡ ಚಿಮಣಿ ಫ್ಯಾನೂ ಇರುತ್ತದೆ. ಅಡುಗೆಮನೆ ಬಾಗಿಲು ಮುಚ್ಚಿಕೊಂಡು, ಫ್ಯಾನ್ ಹಾಕಿ, ಧೈರ್ಯವಾಗಿ ಒಗ್ಗರಣೆ ಹಾಕಬಹುದು. ಬಾಗಿಲು ತೆರೆದಿಟ್ಟರೆ ಮಾತ್ರ ಹೊಗೆ ಹೊರಗಿನ ಪ್ಯಾಸೇಜಿನ ಅಲಾರಂಗೆ ಹೋಗುತ್ತದೆ. ಪಾತ್ರೆ ಬೇರೆ ಇಟ್ಟುಕೊಂಡರೆ ಆಯಿತು. ನನ್ನ ಗೆಳತಿ ಒಬ್ಬಳು ಫ್ಲಾಟಿನವರಿಗೆ ಮೊದಲ ದಿನವೇ ಹೇಳಿ ಒಂದು ಕಪಾಟು, ಫ್ರಿಜ್ಜಿನ ಒಂದು ಶೆಲ್ಫ್ ಬರೀ ಸಸ್ಯಾಹಾರಕ್ಕೆ ಅಂತ ಮಾಡಿಕೊಂಡಳು. ಎಲ್ಲರೂ ಒಪ್ಪಿದರು.

ಇನ್ನೊಂದು ಮಾತು, ಇದು ದುಡ್ಡಿನದ್ದಲ್ಲ. ನವೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲಾಗುತ್ತದೆ. ಸ್ಟುಡಿಯೊದಲ್ಲಿ ಒಬ್ಬಳೇ. ಎರಡು ದಿನ ಯಾರ ಜೊತೆಗೂ ಬಾಯಿಬಿಟ್ಟು ಮಾತಾಡದೆ ಕಳೆದದ್ದಿದೆ. ಅಡುಗೆಮನೆಗೆ ಬಂದರೆ ಯಾರಾದರೂ ಒಬ್ಬರು "ಏನು ಮಾಡುತ್ತಿದ್ದೀಯಾ" ಅಂತ ಕೇಳುವಷ್ಟಾದರೂ ಇರಬೇಕು. ಮೊದಲ ಸಲ ಮನೆ ಬಿಟ್ಟು ಬರುವ ಹುಡುಗನನ್ನು ಸ್ಟುಡಿಯೊಗೆ ಕಳಿಸಬೇಡಿ ಆಂಟಿ.

ಹಾಸನದ ಅಪ್ಪ

ನಮ್ಮ ಅನುಭವ ಬರೆಯುತ್ತೀನಿ. ಬೇರೆಯವರಿಗೆ ಆಗಬಾರದು.

ನನ್ನ ಮಗಳಿಗೆ ಹೋದ ಸಲ ಇಂಥದ್ದೇ ಒಂದು ಬಿಲ್ಡಿಂಗಿನಲ್ಲಿ ರೂಮ್ ಬುಕ್ ಮಾಡಿದೆವು. ಡಿಸ್ಕೌಂಟ್ ಇದೆ ಅಂತ ಇಡೀ ವರ್ಷದ ಬಾಡಿಗೆ ಒಂದೇ ಸಲ ಕಟ್ಟಿದೆ. ಎರಡು ತಪ್ಪು ಮಾಡಿದೆ. ಒಂದು, ಆ ದುಡ್ಡು ತೆಗೆದಿದ್ದು ವೀಸಾಕ್ಕೆ ತೋರಿಸಬೇಕಾದ ಖಾತೆಯಿಂದಲೇ. ಖರ್ಚಿಗೆ ಇಷ್ಟು ಅಂತ ಲೆಕ್ಕ ಹಾಕಿದ ದುಡ್ಡು 28 ದಿನ ಸತತವಾಗಿ ಖಾತೆಯಲ್ಲಿ ಇರಬೇಕು. ಯೂನಿವರ್ಸಿಟಿಯ ವಸತಿಗೆ ಯೂನಿವರ್ಸಿಟಿಗೇ ಕಟ್ಟಿದರೆ ಅದರಲ್ಲಿ ಒಂದು ಮಿತಿಯವರೆಗೆ ಕಳೆದು ಲೆಕ್ಕ ಹಿಡಿಯುತ್ತಾರೆ. ಖಾಸಗಿ ಬಿಲ್ಡಿಂಗಿಗೆ ಕಟ್ಟಿದ್ದನ್ನು ಹಿಡಿಯುವುದಿಲ್ಲ. ಬ್ಯಾಲೆನ್ಸ್ ಕಮ್ಮಿ ಆಯಿತು, ಮತ್ತೆ ದುಡ್ಡು ಹೊಂದಿಸಿ ಮತ್ತೆ 28 ದಿನ ಕಾದೆವು.

ಎರಡನೆಯದು, ಅಷ್ಟರಲ್ಲಿ ಸೇರುವ ಕೊನೆಯ ದಿನ ದಾಟಿತು. ಯೂನಿವರ್ಸಿಟಿ ಸೀಟನ್ನು ಜನವರಿಗೆ ಮುಂದೂಡಿತು. ವೀಸಾ ರಿಜೆಕ್ಟ್ ಆದರೆ ದುಡ್ಡು ವಾಪಸ್ ಅಂತ ಕರಾರಿನಲ್ಲಿತ್ತು. ಆದರೆ ನಮ್ಮದು ರಿಜೆಕ್ಟ್ ಅಲ್ಲ, ತಡ. ತಡಕ್ಕೆ ವಾಪಸ್ ಇಲ್ಲ ಅಂದರು. ಆರು ವಾರ ಈಮೇಲ್ ಬರೆದು ಬರೆದು, ಕೊನೆಗೆ ಅವರು ಆ ರೂಮಿಗೆ ಬೇರೆಯವರನ್ನು ಹಾಕಿಕೊಂಡ ಮೇಲೆ ಉಳಿದ ವಾರಗಳ ದುಡ್ಡು ಕೊಟ್ಟರು. ಮೊದಲ ಹನ್ನೊಂದು ವಾರದ್ದು ಹೋಯಿತು. ನನ್ನ ಮಗಳು ಆ ಊರನ್ನೇ ಇನ್ನೂ ನೋಡಿರಲಿಲ್ಲ.

ಅಮ್ಮಾ, "ವೀಸಾ ಇಲ್ಲ ಅಂದರೆ ಬಾಡಿಗೆ ಇಲ್ಲ" ಅಂತ ವೆಬ್‌ಸೈಟಿನಲ್ಲಿ ದೊಡ್ಡದಾಗಿ ಬರೆದಿರುತ್ತಾರೆ. ಕೆಳಗಿನ ಸಣ್ಣ ಅಕ್ಷರ ಓದಿ. ರಿಜೆಕ್ಟ್ ಪತ್ರ ಎಷ್ಟು ದಿನದ ಒಳಗೆ ಕಳಿಸಬೇಕು, ತಡ ಆದರೆ ಏನು, ಮುಂದೂಡಿದರೆ ಏನು. ಮೂರನ್ನೂ ಈಮೇಲ್‌ನಲ್ಲಿ ಕೇಳಿ. ಏಜೆನ್ಸಿಯನ್ನಲ್ಲ, ಬಿಲ್ಡಿಂಗಿನವರನ್ನೇ. ಬಾಯಿ ಮಾತಿಗೆ ಬೆಲೆ ಇಲ್ಲ.

ದಾವಣಗೆರೆಯ ಅಮ್ಮ

ಹಾಸನದ ಅಣ್ಣನವರೇ, ಓದಿ ಹೊಟ್ಟೆ ತೊಳಸಿದ ಹಾಗಾಯಿತು. ನಾವೂ ಅದೇ ಖಾತೆಯಿಂದ ಕಟ್ಟಲು ಹೊರಟಿದ್ದೆವು. ತುಂಬಾ ಉಪಕಾರ. ಇವತ್ತೇ ಈಮೇಲ್ ಮಾಡಿಸುತ್ತೀನಿ.

ಮಲೆನಾಡಿಗರೇ, ಗ್ಯಾರಂಟರ್ ನಮಗೂ ಇಲ್ಲವಲ್ಲ. ಬಿಲ್ಡಿಂಗಿನವರು ಕೇಳುವುದಿಲ್ವಾ?

ಮಲೆನಾಡಿಗ_ಯುಕೆ

ಕೇಳುತ್ತಾರೆ ಅಮ್ಮಾ, ಆದರೆ ದಾರಿ ಇದೆ. ಕಂತಿನಲ್ಲಿ ಕಟ್ಟಬೇಕು ಅಂದರೆ ಗ್ಯಾರಂಟರ್, ಇಲ್ಲದಿದ್ದರೆ ಪೂರ್ತಿ ಒಂದೇ ಸಲ ಅನ್ನುವುದು ಹಳೆ ಕ್ರಮ. ಈಗ ಕೆಲವು ಕಂಪನಿಗಳು ಭಾರತದಲ್ಲೇ ಇರುವ ತಂದೆ ತಾಯಿಯನ್ನೂ ಗ್ಯಾರಂಟರ್ ಅಂತ ಒಪ್ಪುತ್ತವೆ. ಕೆಲವು ಒಪ್ಪುವುದಿಲ್ಲ. ಫೀಸ್ ತಗೊಂಡು ಗ್ಯಾರಂಟರ್ ಆಗಿ ನಿಲ್ಲುವ ಕಂಪನಿಗಳೂ ಇವೆ. ಕಂತು ಸಾಮಾನ್ಯವಾಗಿ ಯೂನಿವರ್ಸಿಟಿ ಟರ್ಮ್ ಲೆಕ್ಕದಲ್ಲಿ ಮೂರು. ಲೋನ್ ಇರುವವರಿಗೆ ಕಂತೇ ಒಳ್ಳೆಯದು. ಬ್ಯಾಂಕು ದುಡ್ಡು ಬಿಡುಗಡೆ ಮಾಡಿದ ದಿನದಿಂದ ಬಡ್ಡಿ ಓಡುತ್ತದೆ. ಜೊತೆಗೆ ಏನಾದರೂ ಎಡವಟ್ಟಾದರೆ ಪೂರ್ತಿ ದುಡ್ಡು ಅವರ ಕೈಯಲ್ಲಿ ಇರುವುದಿಲ್ಲ.

ಡೆಪಾಸಿಟ್ ಬಗ್ಗೆಯೂ ತಿಳಿದಿರಲಿ. ಇಂಗ್ಲೆಂಡಿನಲ್ಲಿ 2019ರ ಕಾಯ್ದೆ ಪ್ರಕಾರ ಬುಕಿಂಗ್ ಚಾರ್ಜು, ಅಡ್ಮಿನ್ ಚಾರ್ಜು ಅಂತೆಲ್ಲಾ ತಗೊಳ್ಳುವ ಹಾಗಿಲ್ಲ, ಸ್ಟೂಡೆಂಟ್ ರೂಮುಗಳಿಗೂ ಇದು ಸೇರುತ್ತದೆ. ಡೆಪಾಸಿಟ್ ಐದು ವಾರದ ಬಾಡಿಗೆ ದಾಟಬಾರದು. ಈ ಬಿಲ್ಡಿಂಗುಗಳು ಅಷ್ಟು ಕೇಳುವುದೂ ಇಲ್ಲ, ನಾನು ಕೊಟ್ಟಿದ್ದು 200 ಪೌಂಡ್. ಅದು ವಾಪಸ್ ಬರಬೇಕು ಅಂದರೆ ಒಂದು ಕೆಲಸ ಮಾಡಿಸಿ. ರೂಮಿನ ಕೀ ಸಿಕ್ಕ ದಿನ, ಸೂಟ್‌ಕೇಸ್ ಬಿಚ್ಚುವ ಮೊದಲು, ಮಗ ರೂಮಿನ ಫೋಟೊ ತೆಗೆಯಲಿ. ಹಾಸಿಗೆ ಎತ್ತಿ ಕೆಳಗೆ, ಶವರಿನ ಮೂಲೆಯ ಕಪ್ಪು, ಮೇಜಿನ ಮೇಲಿನ ಗೀರು, ಗೋಡೆಯಲ್ಲಿ ಹಿಂದಿನವರು ಅಂಟಿಸಿ ಕಿತ್ತ ಗುರುತು. ಇನ್ವೆಂಟರಿ ಫಾರಂ ಅಂತ ಕಳಿಸುತ್ತಾರೆ, ಅದರಲ್ಲಿ ಎಲ್ಲಾ ಬರೆದು ಫೋಟೊ ಸೇರಿಸಲಿ. ಇದಕ್ಕೆ ಕೆಲವೇ ದಿನ ಟೈಮ್ ಇರುತ್ತದೆ. ಜೂನ್‌ನಲ್ಲಿ ಖಾಲಿ ಮಾಡುವಾಗ "ಗೀರು ಮೊದಲೇ ಇತ್ತು" ಅಂತ ಹೇಳಿದ ಹುಡುಗರ ಮಾತನ್ನು ನಾನು ನಂಬಿದರೂ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಫಾರಂ ತುಂಬಿದವರಿಗೆ ಒಂದು ಪೆನ್ನಿಯೂ ಕಡಿತ ಆಗುತ್ತಿರಲಿಲ್ಲ.

ಮೈಸೂರಿನ ಲೆಕ್ಕಿಗ

ಬಾಡಿಗೆ ಯಾಕೆ ವರ್ಷ ವರ್ಷ ಏರುತ್ತದೆ ಅಂತ ಗೊತ್ತಾಗಬೇಕಾದರೆ ಈ ಬಿಲ್ಡಿಂಗುಗಳು ಯಾರದ್ದು ಅಂತ ನೋಡಬೇಕು. ನಾನು ಇದೇ ಕ್ಷೇತ್ರದ ಲೆಕ್ಕಪತ್ರ ನೋಡುವ ಕೆಲಸದಲ್ಲಿ ಇದ್ದೀನಿ, ಅದಕ್ಕೇ ಬರೆಯುತ್ತಿದ್ದೀನಿ.

ಬ್ರಿಟನ್ನಿನಲ್ಲಿ ಈ ವ್ಯಾಪಾರದ ದೊಡ್ಡ ಹೆಸರು ಯುನೈಟ್. 1991ರಲ್ಲಿ ಬ್ರಿಸ್ಟಲ್‌ನಲ್ಲಿ ನಿಕೊಲಸ್ ಪೋರ್ಟರ್ ಶುರು ಮಾಡಿದ್ದು. ಆಗ ಯೂನಿವರ್ಸಿಟಿಗಳಿಗೆ ಹುಡುಗರು ಜಾಸ್ತಿ ಆಗುತ್ತಿದ್ದರು, ಹಾಸ್ಟೆಲ್ ಕಟ್ಟಲು ದುಡ್ಡು ಇರಲಿಲ್ಲ. ಆ ಜಾಗಕ್ಕೆ ಕಂಪನಿಗಳು ಬಂದವು. ಪೋರ್ಟರ್ ಅವರೇ ಮುಂದೆ ಜಿಎಸ್ಎ ಅಂತ ಇನ್ನೊಂದು ಕಂಪನಿ ಕಟ್ಟಿದರು, ಅದು ಹಲವು ದೇಶಗಳಿಗೆ ಹಬ್ಬಿತು. 2021ರಿಂದ ಯೂಗೊ ಅನ್ನುವ ಹೆಸರಿನಲ್ಲಿ ಅವರ ಬಿಲ್ಡಿಂಗುಗಳು ಕಾಣುತ್ತವೆ. 2019ರಲ್ಲಿ ಯುನೈಟ್, ಲಿಬರ್ಟಿ ಲಿವಿಂಗ್ ಅನ್ನುವ ಕಂಪನಿಯನ್ನು ಸುಮಾರು 140 ಕೋಟಿ ಪೌಂಡಿಗೆ ಕೊಂಡಿತು. ಮಾರಿದ್ದು ಯಾರು ಗೊತ್ತಾ? ಕೆನಡಾದ ಪಿಂಚಣಿ ನಿಧಿ. ಮರುವರ್ಷ ಅಮೆರಿಕದ ಬ್ಲ್ಯಾಕ್‌ಸ್ಟೋನ್, ಐಕ್ಯೂ ಅನ್ನುವ ಕಂಪನಿಗೆ 466 ಕೋಟಿ ಪೌಂಡ್ ಕೊಟ್ಟಿತು. 2022ರಲ್ಲಿ ಸ್ಟೂಡೆಂಟ್ ರೂಸ್ಟ್ ಅನ್ನುವುದನ್ನು ಅಮೆರಿಕದ ಗ್ರೇಸ್ಟಾರ್ ಮತ್ತು ಸಿಂಗಾಪುರ ಸರ್ಕಾರದ ಹೂಡಿಕೆ ಸಂಸ್ಥೆ ಸೇರಿ ಕೊಂಡವು, ಸುಮಾರು 330 ಕೋಟಿ ಪೌಂಡ್.

ದೂರದ ದೇಶಗಳ ದೊಡ್ಡ ನಿಧಿಗಳಿಗೂ ಕವೆಂಟ್ರಿಯಲ್ಲಿ ಓದುವ ದಾವಣಗೆರೆ ಹುಡುಗನ ಬಾಡಿಗೆಗೂ ನಂಟು ಇದೆ ಅನ್ನುವುದು ಯೋಚಿಸಬೇಕಾದ ವಿಷಯ. ಇಷ್ಟು ದುಡ್ಡು ಹಾಕಿದವರಿಗೆ ಪ್ರತಿ ವರ್ಷ ಆದಾಯ ಏರಬೇಕು. ಒಂದು ವಾರ ರೂಮ್ ಖಾಲಿ ಇದ್ದರೂ ಅವರಿಗೆ ನಷ್ಟ. 51 ವಾರ ಅಂತ ಹಟ ಹಿಡಿಯುವುದು, ವಿದೇಶಿ ಮಾಸ್ಟರ್ಸ್ ವಿದ್ಯಾರ್ಥಿಗಳನ್ನು ಹುಡುಕಿಕೊಂಡು ಬರುವುದು ಎಲ್ಲಾ ಅದಕ್ಕೇ. ಬಾಗಿಲ ಮೇಲೆ ಹೆಸರು ಇರುವ ಕಂಪನಿ ಒಂದು, ಕಟ್ಟಡದ ಮಾಲೀಕರು ಇನ್ನೊಬ್ಬರು ಇರುವುದೂ ಮಾಮೂಲು. ಕರಾರಿನಲ್ಲಿ "ಲ್ಯಾಂಡ್‌ಲಾರ್ಡ್" ಅಂತ ಬರೆದಿರುವ ಹೆಸರು ಯಾರದ್ದು ನೋಡಿಕೊಳ್ಳಿ. ನಾಳೆ ತಕರಾರು ಬಂದರೆ ಜವಾಬು ಕೊಡಬೇಕಾದವರು ಅವರು.

ಹುಬ್ಬಳ್ಳಿಯವ

ಇದನ್ನೇ ನಾನು ಹೇಳುತ್ತಿರೋದು. ಯಾರೋ ದೊಡ್ಡವರ ಲಾಭಕ್ಕೆ ನಮ್ಮ ಹುಡುಗರು ಸಾಲ ತಗೊಂಡು ಬಾಡಿಗೆ ಕಟ್ಟಬೇಕಾ? ವಾರಕ್ಕೆ 20 ಗಂಟೆ ಕೆಲಸ ಮಾಡಲು ಬಿಡುತ್ತಾರೆ, ಆ ದುಡ್ಡು ಪೂರ್ತಿ ಬಾಡಿಗೆಗೇ ಹೋಗುತ್ತದೆ. ನನಗೆ ಸಿಟ್ಟು ಬರುತ್ತದೆ.

ಮಲೆನಾಡಿಗ_ಯುಕೆ

ಸಿಟ್ಟು ನನಗೂ ಇದೆ ಅಣ್ಣಾ. ಬಾಡಿಗೆ ಜಾಸ್ತಿಯೇ. ಆದರೆ ಇನ್ನೊಂದು ಕಡೆಯೂ ನೋಡಿದ್ದೀನಿ. ಜನವರಿಯಲ್ಲಿ ಬಾಯ್ಲರ್ ಕೆಟ್ಟಾಗ ಬಿಲ್ಡಿಂಗಿನಲ್ಲಿ ಆರು ಗಂಟೆ ಒಳಗೆ ಜನ ಬರುತ್ತಿದ್ದರು. ನನ್ನ ಗೆಳೆಯರ ಬಾಡಿಗೆ ಮನೆಯಲ್ಲಿ ಒಂಬತ್ತು ದಿನ ಬಿಸಿನೀರಿಲ್ಲ. ಗೋಡೆ ತುಂಬಾ ಬೂಷ್ಟು, ಒಬ್ಬನಿಗೆ ಕೆಮ್ಮು ನಿಲ್ಲಲೇ ಇಲ್ಲ. ರಾತ್ರಿ ಒಂದು ಗಂಟೆಗೆ ಹೊಟ್ಟೆನೋವು ಅಂತ ಕೆಳಗೆ ಬಂದ ಒಬ್ಬ ತೆಲುಗು ಹುಡುಗನನ್ನು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಪೆಂಡಿಕ್ಸ್ ಆಗಿತ್ತು. ಕೆಳಗೆ ಯಾರೋ ಒಬ್ಬರು ಎಚ್ಚರ ಇದ್ದಾರೆ ಅನ್ನುವುದಕ್ಕೆ ಮೊದಲ ವರ್ಷ ಬೆಲೆ ಇದೆ. ಎಲ್ಲಾ ಬಿಲ್ಡಿಂಗಿನಲ್ಲೂ ರಾತ್ರಿ ಜನ ಇರುವುದಿಲ್ಲ, ಅದನ್ನೂ ಕೇಳಬೇಕು.

ಮನೆ ಮಾಡುವವರಿಗೆ ಇನ್ನೊಂದು ಸೂಚನೆ. ಫುಲ್ ಟೈಮ್ ವಿದ್ಯಾರ್ಥಿಗಳಿಗೆ ಕೌನ್ಸಿಲ್ ಟ್ಯಾಕ್ಸ್, ಅಂದರೆ ಮನೆಯಲ್ಲಿ ಇರುವವರು ಊರಿನ ಆಡಳಿತಕ್ಕೆ ಕಟ್ಟುವ ತೆರಿಗೆ, ಇಲ್ಲ. ಆದರೆ ಮನೆಯಲ್ಲಿ ಒಬ್ಬ ಓದು ಮುಗಿಸಿ ಕೆಲಸಕ್ಕೆ ಸೇರಿದರೂ ಆ ಮನೆಗೆ ಬಿಲ್ ಬರುತ್ತದೆ. ಮೊದಲೇ ಮಾತಾಡಿಕೊಳ್ಳಿ.

ಕರಾವಳಿ ಹುಡುಗಿ

ಅಲಾರಂ ವಿಷಯಕ್ಕೆ ಇನ್ನೊಂದು ಸೇರಿಸುತ್ತೀನಿ. ಪದೇ ಪದೇ ಕೂಗುತ್ತದೆ ಅಂತ ಕೆಲವರು ಅಲಾರಂಗೆ ಪ್ಲಾಸ್ಟಿಕ್ ಕವರ್ ಸುತ್ತುತ್ತಾರೆ. ದಯವಿಟ್ಟು ಮಾಡಬೇಡಿ. ದಂಡ ಹಾಕುತ್ತಾರೆ ಅನ್ನುವುದು ಬಿಡಿ. 2019ರ ನವೆಂಬರ್ 15ರಂದು ಬೋಲ್ಟನ್ ಊರಿನ ದಿ ಕ್ಯೂಬ್ ಅನ್ನುವ ಸ್ಟೂಡೆಂಟ್ ಬಿಲ್ಡಿಂಗಿಗೆ ಬೆಂಕಿ ಬಿತ್ತು. ಹೊರಗೋಡೆಗೆ ಹಾಕಿದ್ದ ಹಲಗೆ ಹಿಡಿದು ಮೇಲೇರಿತು. ಮಕ್ಕಳೆಲ್ಲಾ ಹೊರಗೆ ಬಂದರು, ಯಾರ ಜೀವವೂ ಹೋಗಲಿಲ್ಲ. ಆದರೆ ಪುಸ್ತಕ, ಪಾಸ್‌ಪೋರ್ಟು, ಲ್ಯಾಪ್‌ಟಾಪ್ ಎಲ್ಲಾ ಕಳೆದುಕೊಂಡವರಿದ್ದರು. ಅದಕ್ಕೇ ಅಲಾರಂ ಕೂಗಿದರೆ ಕೂಗಿತು, ಇಳಿದು ಹೋಗಿ. ಬುಕ್ ಮಾಡುವ ಮುಂಚೆ ಹೊರಗೋಡೆಯ ಬೆಂಕಿ ಸುರಕ್ಷತೆ ತಪಾಸಣೆ ಆಗಿದೆಯಾ ಅಂತ ಕೇಳುವುದಕ್ಕೆ ನಾಚಿಕೆ ಬೇಡ.

ಮತ್ತೆ ರೂಮಿನಲ್ಲಿ ದೀಪ, ಊದುಬತ್ತಿ ಹಚ್ಚುವ ಹಾಗಿಲ್ಲ. ದೇವರ ಫೋಟೊ ಇಟ್ಟುಕೊಳ್ಳಲಿ, ದೀಪಾವಳಿಗೆ ಬ್ಯಾಟರಿ ದೀಪ ಸಿಗುತ್ತದೆ.

ಶಿರಸಿ ಹುಡುಗ

ನಡುವೆ ಒಂದು ಪ್ರಶ್ನೆ. ನಾನು ಜನವರಿ ಇನ್‌ಟೇಕ್. ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು "ಟೇಕ್‌ಓವರ್, ಅರ್ಧ ಬಾಡಿಗೆ, ಮೊದಲು 300 ಪೌಂಡ್ ಕಳಿಸಿ" ಅಂತ ಹಾಕಿದ್ದಾರೆ. ಕಳಿಸಬಹುದಾ?

ಮಲೆನಾಡಿಗ_ಯುಕೆ

ಕಳಿಸಬೇಡ ತಮ್ಮಾ. ಟೇಕ್‌ಓವರ್, ಅಂದರೆ ನಡುವೆ ಬಿಟ್ಟು ಹೋಗುವವನ ರೂಮನ್ನು ಇನ್ನೊಬ್ಬ ವಹಿಸಿಕೊಳ್ಳುವುದು, ನಿಜವಾಗಿ ಇದೆ, ಜನವರಿಯವರಿಗೆ ಒಳ್ಳೆಯದೂ ಹೌದು. ಅದರ ಕ್ರಮ ಹೀಗೆ: ಹೋಗುವವನು ಬಿಲ್ಡಿಂಗಿಗೆ ಹೇಳುತ್ತಾನೆ, ಬಿಲ್ಡಿಂಗು ನಿನಗೆ ಹೊಸ ಕರಾರು ಕಳಿಸುತ್ತದೆ, ನೀನು ಬಿಲ್ಡಿಂಗಿನ ಪೋರ್ಟಲ್‌ನಲ್ಲೇ ದುಡ್ಡು ಕಟ್ಟುತ್ತೀಯಾ. ಅವನು ಅರ್ಧ ಬಾಡಿಗೆ ತಾನು ಕೊಡುತ್ತೀನಿ ಅಂದರೆ ಅದು ಕರಾರು ನಿನ್ನ ಹೆಸರಿಗೆ ಆದ ಮೇಲೆ ಅವನು ನಿನಗೆ ಕೊಡಬೇಕಾದದ್ದು. ಮೊದಲೇ ನೀನು ಅವನಿಗೆ ಕೊಡುವುದು ಏನೂ ಇಲ್ಲ. ಬಿಲ್ಡಿಂಗಿನ ನಂಬರನ್ನು ಅವರ ವೆಬ್‌ಸೈಟಿನಿಂದ ತೆಗೆದುಕೊಂಡು ನೀನೇ ಫೋನ್ ಮಾಡಿ ಆ ರೂಮ್ ನಂಬರ್ ಕೇಳು.

ದಾವಣಗೆರೆಯ ಅಮ್ಮ

ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಬೇಕಲ್ಲ. ಸ್ಟುಡಿಯೊ ಬಿಟ್ಟೆವು. ಬೇರೆ ಬಿಲ್ಡಿಂಗಿನಲ್ಲಿ ಆರು ಜನರ ಫ್ಲಾಟು, ಎನ್‌ಸ್ವೀಟ್, ವಾರಕ್ಕೆ 168 ಪೌಂಡ್, 51 ವಾರ. ಮಗನೇ ಕೂತು ಲೆಕ್ಕ ಹಾಕಿದ. 8,568 ಪೌಂಡ್. ಮೊದಲಿನದಕ್ಕಿಂತ 2,907 ಪೌಂಡ್ ಕಮ್ಮಿ, ನಮ್ಮ ದುಡ್ಡಲ್ಲಿ ಮೂರು ಲಕ್ಷ ಮೂವತ್ನಾಲ್ಕು ಸಾವಿರ. ಬಿಲ್ಡಿಂಗು ನ್ಯಾಷನಲ್ ಕೋಡ್‌ನಲ್ಲಿ ಇದೆ, ಅದನ್ನೂ ನೋಡಿಕೊಂಡೆವು.

ಹಾಸನದ ಅಣ್ಣ ಹೇಳಿದ ಮೂರು ಪ್ರಶ್ನೆ ಈಮೇಲ್‌ನಲ್ಲಿ ಕೇಳಿದೆವು. ಮೊದಲಿನ ಬಿಲ್ಡಿಂಗಿನವರು ತಡ, ಮುಂದೂಡಿಕೆ ಬಗ್ಗೆ ಸುಮ್ಮನಾದರು. ಇವರು ಬರೆದು ಕೊಟ್ಟರು: ರಿಜೆಕ್ಟ್ ಆದರೆ ಪತ್ರ ಕಳಿಸಿದರೆ ವಾಪಸ್, ಜನವರಿಗೆ ಮುಂದೂಡಿದರೆ ಕರಾರನ್ನು ಜನವರಿಗೆ ಬದಲಿಸುತ್ತಾರೆ. ಆ ಈಮೇಲ್ ಪ್ರಿಂಟ್ ತೆಗೆಸಿ ಲೋನಿನ ಫೈಲಲ್ಲೇ ಇಟ್ಟಿದ್ದೀನಿ. ಗ್ಯಾರಂಟರ್ ನಮ್ಮ ಯಜಮಾನರೇ, ಒಪ್ಪಿಕೊಂಡರು. ಮೂರು ಕಂತು. ಈಗ ಕಟ್ಟಿದ್ದು ಬರೀ ಡೆಪಾಸಿಟ್, ಅದೂ ನನ್ನ ಖಾತೆಯಿಂದ. ವೀಸಾ ಖಾತೆ ಮುಟ್ಟಿಲ್ಲ.

ಈಗ ಹಾಸಿಗೆ ಹೊದಿಕೆ, ಕುಕ್ಕರ್ ಇಲ್ಲಿಂದ ಕಳಿಸಬೇಕಾ?

ಕರಾವಳಿ ಹುಡುಗಿ

ತುಂಬಾ ಖುಷಿ ಆಯಿತು ಆಂಟಿ! ಬೆಡ್‌ಶೀಟ್ ಬೇಡ. ಅಲ್ಲಿನ ಮಂಚ ಬಹಳ ಕಡೆ ನಾಲ್ಕು ಅಡಿ ಅಗಲ, ಸ್ಮಾಲ್ ಡಬಲ್ ಅನ್ನುತ್ತಾರೆ. ನಮ್ಮ ಸಿಂಗಲ್ ಸಾಲದು, ಡಬಲ್ ಜಾಸ್ತಿ. ಅಲ್ಲೇ ತಗೊಳ್ಳಲಿ. ಮೊದಲ ರಾತ್ರಿಗೆ ಒಂದು ಶಾಲು ಇಡಿ ಸಾಕು. ಕುಕ್ಕರ್ ಕಳಿಸಿ, ಮೂರು ಲೀಟರಿನದು. ಆದರೆ ಕುಕ್ಕರಿನ ತಳಕ್ಕೆ ಫ್ರಿಜ್ ಮ್ಯಾಗ್ನೆಟ್ ಇಟ್ಟು ನೋಡಿ. ಅಂಟಿದರೆ ಇಂಡಕ್ಷನ್ ಒಲೆಗೂ ಆಗುತ್ತದೆ. ಬರೀ ಅಲ್ಯುಮಿನಿಯಂ ಆದರೆ ಅಂಟುವುದಿಲ್ಲ, ಆಗ ಅಲ್ಲಿ ಯಾವ ಒಲೆ ಅಂತ ಕೇಳಿಕೊಂಡು ಕಳಿಸಿ. ಒಂದು ಎಕ್ಸ್‌ಟ್ರಾ ಗ್ಯಾಸ್ಕೆಟ್ ಮರೆಯಬೇಡಿ.

ಮಲೆನಾಡಿಗ_ಯುಕೆ

ಅಮ್ಮಾ, ವಿಮಾನದ ಟಿಕೆಟ್ ತೆಗೆಯುವ ಮುಂಚೆ ಒಂದು ನೋಡಿ. ಕರಾರು ಶುರುವಾಗುವ ದಿನಕ್ಕಿಂತ ಮೊದಲು ಬಂದರೆ ಕೀ ಕೊಡುವುದಿಲ್ಲ. ಬರ್ಮಿಂಗ್‌ಹ್ಯಾಮ್ ಏರ್‌ಪೋರ್ಟಿಗೆ ಬಂದರೆ ಕವೆಂಟ್ರಿಗೆ ರೈಲಿನಲ್ಲಿ ಹತ್ತು ನಿಮಿಷದ ದಾರಿ. ಹೀಥ್ರೊಗೆ ಬಂದರೆ ಕೋಚ್ ಬಸ್ ನೇರ ಪೂಲ್ ಮೆಡೋ ಬಸ್ ಸ್ಟ್ಯಾಂಡಿಗೆ ಬಿಡುತ್ತದೆ. ರಾತ್ರಿ ಹೊತ್ತು ತಲುಪಿದರೆ ಕೀ ಯಾರು ಕೊಡುತ್ತಾರೆ ಅಂತ ಈಗಲೇ ಈಮೇಲ್‌ನಲ್ಲಿ ಕೇಳಿ, ಕೀ ತಗೊಳ್ಳುವ ಟೈಮ್ ಮೊದಲೇ ಬುಕ್ ಮಾಡಿಸಿ. ನಾನು ಈಗ ಬರ್ಮಿಂಗ್‌ಹ್ಯಾಮ್‌ನಲ್ಲೇ ಇದ್ದೀನಿ. ಬರುವ ದಿನ ಗೊತ್ತಾದರೆ ಇಲ್ಲಿ ಮೆಸೇಜ್ ಮಾಡಿ, ಶನಿವಾರ ಅಥವಾ ಭಾನುವಾರ ಆದರೆ ಸ್ಟೇಷನ್ನಿಗೆ ನಾನೇ ಬರುತ್ತೀನಿ.